ಕೈಕೆಲಸದ ಫೋಟೋಗೆ ಬೆಳಕು ಹೊಂದಿಸುವುದು: ಕಿಟಕಿಯಿಂದ ಫ್ಲ್ಯಾಶ್‌ವರೆಗೆ

ಆರಿ ವರ್ಕ್ ಬ್ಲೌಸ್, ಸೀರೆ ಕುಚ್ಚು, ಕ್ರೋಷಾ, ಕೌದಿ, ಮಣ್ಣಿನ ಓಲೆ. ಇಂಥವನ್ನು ಮನೆಯಲ್ಲೇ ಮಾಡಿ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿ ಮಾರುವವರು ದಾವಣಗೆರೆ, ಚಿತ್ರದುರ್ಗದ ಕಡೆ ಈಗ ಬಹಳ ಜನ ಇದ್ದಾರೆ. ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. "ಕೈಯಲ್ಲಿ ಹಿಡಿದಾಗ ಎಷ್ಟು ಚೆನ್ನಾಗಿದೆ, ಫೋಟೋದಲ್ಲಿ ಯಾಕೆ ಸಪ್ಪೆ?" "ರಾಣಿ ಪಿಂಕ್ ಸೀರೆ ಕೆಂಪಾಗಿ ಬರುತ್ತೆ, ಏನು ಮಾಡೋದು?" "ಫ್ಲ್ಯಾಶ್ ಹಾಕಿದರೆ ಬಿಳಿಚಿಕೊಳ್ಳುತ್ತೆ, ಹಾಕದಿದ್ದರೆ ಕತ್ತಲೆ." ಕೊನೆಗೆ, ಇನ್ನೂ ಒಳ್ಳೆ ಫೋನ್ ತಗೊಳ್ಳಬೇಕಾ ಅಂತ ಕೇಳುತ್ತಾರೆ.

ಬೇಡ. ಈಗಿರುವ ಫೋನ್ ಸಾಕು. ತೊಂದರೆ ಇರುವುದು ಬೆಳಕಿನಲ್ಲಿ. ಬೆಳಕು ಕಡಿಮೆಯಾಯಿತು ಅಂತಲ್ಲ, ಅದು ಸರಿಯಾದ ಕಡೆಯಿಂದ ಬರುತ್ತಿಲ್ಲ. ಎದುರಿನಿಂದ ನೇರವಾಗಿ ಬೆಳಕು ಬಿದ್ದರೆ, ಕೈಯಲ್ಲಿ ಹಾಕಿದ ಆರಿ ವರ್ಕ್ ಕೂಡ ಕಂಪ್ಯೂಟರ್ ವರ್ಕಿನ ಹಾಗೆ, ಕೆಲವೊಮ್ಮೆ ಪ್ರಿಂಟ್ ಬಟ್ಟೆಯ ಹಾಗೆ ಕಾಣುತ್ತದೆ. ಗಿರಾಕಿ ದುಡ್ಡು ಕೊಡುವುದು ಕೈಕೆಲಸಕ್ಕೆ. ಆ ಕೆಲಸವೇ ಫೋಟೋದಲ್ಲಿ ಕಾಣದಿದ್ದರೆ ನೀವು ಹೇಳುವ ಬೆಲೆ ಅವರಿಗೆ ಜಾಸ್ತಿ ಅನ್ನಿಸುವುದು ಸಹಜ. ಹೊಲಿಗೆ ಎದ್ದು ಕಾಣಬೇಕು, ಬಣ್ಣ ಇದ್ದದ್ದು ಇದ್ದ ಹಾಗೆ ಬರಬೇಕು. ಕೆಳಗೆ ಹೇಳುವುದೆಲ್ಲ ಈ ಎರಡಕ್ಕಾಗಿ.

ಬೇಕಾಗುವ ಸಾಮಾನು

ಒಂದು ಕಿಟಕಿ, ಅದರ ಪಕ್ಕಕ್ಕೆ ಎಳೆದುಕೊಳ್ಳಬಹುದಾದ ಒಂದು ಟೇಬಲ್. ಎರಡು ದೊಡ್ಡ ಥರ್ಮಾಕೋಲ್ ಹಾಳೆ. ಬಿಳಿ, ಕಪ್ಪು ಮತ್ತು ತಿಳಿ ಬೂದು ಬಣ್ಣದ ಚಾರ್ಟ್ ಪೇಪರ್. ಬಟ್ಟೆ ಒಣಗಿಸುವ ಕ್ಲಿಪ್‌ಗಳು. ಬಟರ್ ಪೇಪರ್, ಇಲ್ಲವೇ ತೆಳುವಾದ ಬಿಳಿ ಪಂಚೆ. ನೀಲಿ ಹಾಕಿ ಒಗೆದ ಪಂಚೆ ಬೇಡ, ಅದರೊಳಗಿಂದ ಬರುವ ಬೆಳಕಿಗೂ ಆ ಛಾಯೆ ಅಂಟಿಕೊಳ್ಳುತ್ತದೆ. ಫೋನ್ ಹಿಡಿಯಲು ಒಂದು ಟ್ರೈಪಾಡ್. ಇದಿಷ್ಟಕ್ಕೂ ಒಂದು ಸ್ಟೇಷನರಿ ಅಂಗಡಿ, ಒಂದು ಮೊಬೈಲ್ ಅಂಗಡಿ ಸುತ್ತಿದರೆ ಸಾಕು. ಫ್ಲ್ಯಾಶ್ ಬೇಕಾಗುವುದು ಆಮೇಲೆ. ಕಿಟಕಿ ಬೆಳಕನ್ನು ಚೆನ್ನಾಗಿ ಬಳಸಲು ಬಂದ ಮೇಲೆಯೇ ಅದಕ್ಕೆ ದುಡ್ಡು ಹಾಕಿ.

ಆನ್‌ಲೈನ್‌ನಲ್ಲಿ ಸಿಗುವ ಎಲ್ಇಡಿ ಪಟ್ಟಿ ಅಂಟಿಸಿದ ಮಡಚುವ ಪೆಟ್ಟಿಗೆ, ಅಂದರೆ ಲೈಟ್ ಬಾಕ್ಸ್, ತರಬೇಕಾ ಅಂತಲೂ ತುಂಬಾ ಜನ ಕೇಳುತ್ತಾರೆ. ಓಲೆ, ಉಂಗುರದಂಥ ಸಣ್ಣ ವಸ್ತುವಿಗೆ ಪರವಾಗಿಲ್ಲ. ಕಸೂತಿ, ಕೌದಿಗೆ ನಾನು ಹೇಳುವುದಿಲ್ಲ. ಅದರಲ್ಲಿ ಎಲ್ಲ ಕಡೆಯಿಂದಲೂ ಸಮನಾದ ಬೆಳಕು ಬೀಳುತ್ತದೆ, ಹೊಲಿಗೆಯ ಉಬ್ಬು ಮಾಯವಾಗುತ್ತದೆ.

1. ಮೊದಲು ದೀಪಗಳನ್ನೆಲ್ಲ ಆರಿಸಿ

ಫೋನಿನ ಫ್ಲ್ಯಾಶ್ ಆಫ್ ಮಾಡಿ. ಆಟೋ ಅಂತ ಬಿಡಬೇಡಿ, ಪೂರ್ತಿ ಆಫ್. ಫೋನಿನಲ್ಲಿ ಫ್ಲ್ಯಾಶ್ ಅಂತ ಕರೆಯುವುದು ನಿಜವಾಗಿ ಒಂದು ಸಣ್ಣ ಎಲ್ಇಡಿ ಬಲ್ಬು. ಅದು ಲೆನ್ಸಿಗೆ ಅಂಟಿಕೊಂಡ ಹಾಗೇ ಇರುತ್ತದೆ. ಹಾಗಾಗಿ ಹೊಲಿಗೆಯ ನೆರಳು ಹೊಲಿಗೆಯ ಹಿಂದೆಯೇ ಅಡಗಿ ಹೋಗುತ್ತದೆ. ನಮ್ಮ ಕಣ್ಣಿಗೆ ಉಬ್ಬು ತಗ್ಗು ತಿಳಿಯುವುದೇ ಆ ಪುಟ್ಟ ನೆರಳುಗಳಿಂದ. ನೆರಳಿಲ್ಲ ಅಂದರೆ ಉಬ್ಬೂ ಇಲ್ಲ.

ಆಮೇಲೆ ಕೋಣೆಯ ಟ್ಯೂಬ್‌ಲೈಟು, ಬಲ್ಬುಗಳನ್ನೂ ಆರಿಸಿ. "ಹಗಲು ಬೆಳಕಿದೆ, ಜೊತೆಗೆ ಲೈಟೂ ಇರಲಿ" ಅಂತ ಹಾಕುವುದೇ ಬಣ್ಣ ಕೆಡಲು ದೊಡ್ಡ ಕಾರಣ. ಪ್ರತಿ ಬೆಳಕಿಗೂ ಒಂದು ಬಣ್ಣ ಇರುತ್ತದೆ, ಅದನ್ನು ಕೆಲ್ವಿನ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಅಂಕಿ ಕಡಿಮೆ ಇದ್ದಷ್ಟೂ ಹಳದಿ, ಜಾಸ್ತಿ ಇದ್ದಷ್ಟೂ ನೀಲಿ. ಹಳದಿ ಬಲ್ಬು ಸುಮಾರು 2700ರಿಂದ 3000, ಮಧ್ಯಾಹ್ನದ ಹಗಲು ಬೆಳಕು ಸುಮಾರು 5500, ಬಿಳಿ ಎಲ್ಇಡಿ ಟ್ಯೂಬು ಸಾಮಾನ್ಯವಾಗಿ 6500. ಕ್ಯಾಮೆರಾ ಒಂದು ಬಣ್ಣದ ಬೆಳಕಿಗೆ ಹೊಂದಿಕೊಳ್ಳಬಲ್ಲದು. ಒಂದೇ ಬ್ಲೌಸಿನ ಎಡತೋಳಿನ ಮೇಲೆ ಕಿಟಕಿ ಬೆಳಕು, ಬಲತೋಳಿನ ಮೇಲೆ ಬಲ್ಬಿನ ಬೆಳಕು ಬಿದ್ದರೆ ಎರಡನ್ನೂ ಸರಿ ಮಾಡಲು ಅದಕ್ಕೆ ಆಗುವುದಿಲ್ಲ. ಎಡಿಟಿಂಗ್‌ನಲ್ಲೂ ಆಗುವುದಿಲ್ಲ.

ಗೋಡೆ, ನೆಲ ಕೂಡ ನೋಡಿಕೊಳ್ಳಿ. ಹಸಿರು ಡಿಸ್ಟೆಂಪರ್ ಗೋಡೆ ಹಸಿರನ್ನು, ಕೆಂಪು ರೆಡ್ ಆಕ್ಸೈಡ್ ನೆಲ ಕೆಂಪನ್ನು ಬಟ್ಟೆಯ ಮೇಲೆ ಎಸೆಯುತ್ತವೆ. ನೆಲದ ಮೇಲೆ ಬಿಳಿ ಬೆಡ್‌ಶೀಟ್ ಹಾಸಿ. ನೀವೂ ಫೋಟೋ ತೆಗೆಯುವಾಗ ಗಾಢ ಬಣ್ಣದ ಬಟ್ಟೆ ಹಾಕಬೇಡಿ. ಹತ್ತಿರದಿಂದ ತೆಗೆಯುವಾಗ ನಿಮ್ಮ ಕೆಂಪು ಕುಪ್ಪಸವೂ ಒಂದು ಕೆಂಪು ಗೋಡೆಯೇ.

2. ಕಿಟಕಿ ಮತ್ತು ಹೊತ್ತು ಆರಿಸಿ

"ಉತ್ತರ ದಿಕ್ಕಿನ ಕಿಟಕಿ ಒಳ್ಳೆಯದು, ಅಲ್ಲಿ ಬಿಸಿಲು ಬರುವುದಿಲ್ಲ" ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದು ನಮ್ಮ ಊರಿಗೆ ಅರ್ಧ ವರ್ಷ ಮಾತ್ರ ಹೊಂದುತ್ತದೆ. ಚಿತ್ರದುರ್ಗ, ದಾವಣಗೆರೆ ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 14 ಡಿಗ್ರಿಯಲ್ಲಿ. ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ಅಲ್ಲಿಂದ ಆಗಸ್ಟ್ ನಡುವಿನ ತನಕ ಮಧ್ಯಾಹ್ನವೂ ಅವನು ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಈ ತಿಂಗಳುಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ಉತ್ತರದ ಕಿಟಕಿಯೊಳಗೆ ಓರೆ ಬಿಸಿಲು ನುಗ್ಗುತ್ತದೆ. ಆಗ ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರ ತನಕದ ಹೊತ್ತು ಒಳ್ಳೆಯದು. ಸೂರ್ಯ ಮೇಲಿರುವುದರಿಂದ ಕಿಟಕಿಯ ಸಜ್ಜಾ ಬಿಸಿಲನ್ನು ತಡೆಯುತ್ತದೆ, ಬೆಳಕು ಮಾತ್ರ ಒಳಗೆ ಬರುತ್ತದೆ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ತನಕ ಸೂರ್ಯ ದಕ್ಷಿಣದ ಕಡೆಗೇ ಇರುತ್ತಾನೆ. ಆಗ ಉತ್ತರದ ಕಿಟಕಿಗೆ ನೇರ ಬಿಸಿಲೇ ಇಲ್ಲ, ಇಡೀ ದಿನ ಕೆಲಸ ಮಾಡಬಹುದು.

ಉತ್ತರದ ಕಿಟಕಿ ಇಲ್ಲವಾ? ಯಾವ ಕಿಟಕಿಯಾದರೂ ಸರಿ, ಬಿಸಿಲು ಬಂದರೆ ಪಂಚೆ ಕಟ್ಟಿ. ಬಿಸಿಲು ಪಂಚೆಯ ಮೇಲೆ ಬಿದ್ದಾಗ ಇಡೀ ಪಂಚೆಯೇ ಒಂದು ದೊಡ್ಡ ದೀಪವಾಗುತ್ತದೆ. ಬೆಳಕಿನ ಮೂಲ ವಸ್ತುವಿಗಿಂತ ಎಷ್ಟು ದೊಡ್ಡದೋ ನೆರಳಿನ ಅಂಚು ಅಷ್ಟು ಮೆತ್ತಗೆ. ಬರಿ ಬಿಸಿಲಿನಲ್ಲಿ ನೆರಳು ಕತ್ತರಿಸಿದ ಹಾಗೆ ಬೀಳುವುದು, ಮೋಡದ ದಿನ ನೆರಳೇ ಗೊತ್ತಾಗದಿರುವುದು ಇದೇ ಕಾರಣಕ್ಕೆ. ಮಳೆಗಾಲದ ಮೋಡದ ದಿನಗಳನ್ನು ಸುಮ್ನೆ ಕಳೆಯಬೇಡಿ, ಬಣ್ಣದ ಬಟ್ಟೆಗಳ ಫೋಟೋಗೆ ಅವು ತುಂಬಾ ಒಳ್ಳೆಯವು.

ಅಂಗಳದಲ್ಲಿ, ಜಗಲಿಯ ನೆರಳಿನಲ್ಲಿ ತೆಗೆಯುವವರಿಗೆ ಒಂದು ಮಾತು. ಶುಭ್ರ ಆಕಾಶ ಇದ್ದಾಗ ನೆರಳಿನಲ್ಲಿ ಬೀಳುವುದು ನೀಲಿ ಆಕಾಶದ ಬೆಳಕು. ಬಿಳಿ ಕ್ರೋಷಾ ಅಲ್ಲಿ ನೀಲಿ ಹೊಡೆಯುತ್ತದೆ. ಇದನ್ನು ಸರಿ ಮಾಡುವ ಬಗೆ 8ನೇ ಹಂತದಲ್ಲಿದೆ.

3. ಟೇಬಲ್ಲನ್ನು ಕಿಟಕಿಯ ಪಕ್ಕಕ್ಕೆ ಇಡಿ

ಕಿಟಕಿಯ ಎದುರಿಗಲ್ಲ, ಪಕ್ಕಕ್ಕೆ. ಬೆಳಕು ವಸ್ತುವಿನ ಎಡದಿಂದಲೋ ಬಲದಿಂದಲೋ ಬರಬೇಕು, ನಿಮ್ಮ ಬೆನ್ನ ಹಿಂದಿನಿಂದಲ್ಲ. ಕಿಟಕಿಯಿಂದ ಎರಡು ಮೂರು ಅಡಿ ದೂರ ಇಟ್ಟು ಶುರು ಮಾಡಿ. ಇನ್ನೂ ಹತ್ತಿರ ಇಟ್ಟರೆ ಒಂದು ಬದಿ ಬೆಳ್ಳಗೆ, ಇನ್ನೊಂದು ಬದಿ ಕತ್ತಲೆ ಆಗುತ್ತದೆ. ತೀರಾ ದೂರ ಇಟ್ಟರೆ ಸಪ್ಪೆ.

ಚಾರ್ಟ್ ಪೇಪರನ್ನು ಟೇಬಲ್ ಮೇಲಿಂದ ಗೋಡೆಗೆ ಮಡಿಕೆ ಬೀಳದ ಹಾಗೆ ಬಾಗಿಸಿ ಕ್ಲಿಪ್ ಹಾಕಿ. ಹಿನ್ನೆಲೆ ಮುಗಿಯಿತು. ಹೂ, ಕಾಫಿ ಕಪ್ಪು, ಸೀರಿಯಲ್ ಸೆಟ್ಟು ಇವೆಲ್ಲ ಬೇಡ.

4. ಎದುರು ಬದಿಗೆ ಥರ್ಮಾಕೋಲ್ ನಿಲ್ಲಿಸಿ

ಕಿಟಕಿಗೆ ಎದುರಾಗಿ, ವಸ್ತುವಿನ ಇನ್ನೊಂದು ಬದಿಯಲ್ಲಿ ಥರ್ಮಾಕೋಲ್ ಹಾಳೆ ನಿಲ್ಲಿಸಿ. ಕಿಟಕಿಯ ಬೆಳಕು ಅದಕ್ಕೆ ಬಡಿದು ವಾಪಸ್ ಬಂದು ಕತ್ತಲೆ ಬದಿಯನ್ನು ತಿಳಿಯಾಗಿಸುತ್ತದೆ. ಇದಕ್ಕೆ ರಿಫ್ಲೆಕ್ಟರ್ ಅನ್ನುತ್ತಾರೆ. ಹತ್ತಿರ ತಂದರೆ ನೆರಳು ಮಾಯ, ದೂರ ಸರಿಸಿದರೆ ನೆರಳು ಗಾಢ. ಪೂರ್ತಿ ಮಾಯ ಮಾಡಬೇಡಿ. ಸ್ವಲ್ಪ ನೆರಳು ಉಳಿಯಲಿ, ಅದೇ ನಿಮ್ಮ ಹೊಲಿಗೆಯನ್ನು ಎತ್ತಿ ತೋರಿಸುವುದು.

ಬಿಳಿ ವಸ್ತುವಿಗೆ ಇದನ್ನೇ ತಿರುಗಿಸಿ. ಬಿಳಿ ದಾರದ ಕ್ರೋಷಾ, ಬಿಳಿ ಮ್ಯಾಕ್ರಮೆ ತೋರಣಕ್ಕೆ ಥರ್ಮಾಕೋಲ್ ಇಟ್ಟರೆ ಎಲ್ಲವೂ ಒಂದೇ ಬಿಳುಪಾಗಿ ಕಲಸಿ ಹೋಗುತ್ತದೆ. ಅಲ್ಲಿ ಕಪ್ಪು ಚಾರ್ಟ್ ಪೇಪರ್ ನಿಲ್ಲಿಸಿ. ಅದು ಬೆಳಕನ್ನು ನುಂಗಿ ಪ್ರತಿ ಗಂಟಿನ ಒಂದು ಬದಿಗೆ ತೆಳುವಾದ ಗೆರೆ ಎಳೆಯುತ್ತದೆ.

5. ಬೆಳಕನ್ನು ಎಷ್ಟು ಓರೆ ಮಾಡಬೇಕು?

ಇಡೀ ಲೇಖನದಲ್ಲಿ ಒಂದೇ ಒಂದು ಹಂತ ಓದುತ್ತೇನೆ ಅನ್ನುವವರು ಇದನ್ನು ಓದಿ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಬಂಡೆ ಶಾಸನ ಇದೆ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಅಷ್ಟು ಹಳೆಯ ಅಕ್ಷರಗಳು ಸವೆದಿರುತ್ತವೆ. ಸವೆದ ಶಾಸನವನ್ನು ಓದುವವರು ನೆತ್ತಿಯ ಬಿಸಿಲಿನಲ್ಲಿ ಓದಲು ಹೋಗುವುದಿಲ್ಲ. ಕಲ್ಲಿನ ಮೈಗೆ ತಾಗಿದ ಹಾಗೆ ಓರೆಯಾಗಿ ಬೆಳಕು ಬೀಳಬೇಕು. ಆಗ ಪ್ರತಿ ಗೀರಿನಲ್ಲೂ ನೆರಳು ತುಂಬಿಕೊಂಡು ಅಕ್ಷರ ಎದ್ದು ಬರುತ್ತದೆ. ಬಟ್ಟೆಯ ಮೇಲಿನ ಹೊಲಿಗೆಗೂ ಇದೇ ಲೆಕ್ಕ.

ಕಣ್ಣಿಗೆ ಅಭ್ಯಾಸ ಆಗಲು ಹೀಗೆ ಮಾಡಿ. ರಾತ್ರಿ ಕೋಣೆಯ ಲೈಟೆಲ್ಲ ಆರಿಸಿ ಒಂದು ಕೌದಿಯನ್ನು ನೆಲದ ಮೇಲೆ ಹಾಸಿ. ಫೋನಿನ ಟಾರ್ಚ್ ಹಚ್ಚಿ ಮೊದಲು ನೇರ ಮೇಲಿನಿಂದ ಹಿಡಿಯಿರಿ. ಆಮೇಲೆ ನಿಧಾನವಾಗಿ ಪಕ್ಕಕ್ಕೆ ಇಳಿಸುತ್ತಾ ನೆಲದ ಹತ್ತಿರ ತನ್ನಿ. ಮೇಲಿದ್ದಾಗ ಬರಿ ಬಟ್ಟೆ ತುಂಡುಗಳ ಬಣ್ಣ ಕಾಣುತ್ತಿತ್ತು. ಕೆಳಗೆ ಬಂದಾಗ ಸಾಲು ಸಾಲು ಹೊಲಿಗೆಯ ಏರಿಳಿತ ಕಾಣುತ್ತದೆ. ತೀರಾ ಕೆಳಗೆ ಬಂದರೆ ಸುಕ್ಕುಗಳು, ದಾರದ ತುದಿಗಳು ಕೂಡ ಬೆಟ್ಟದ ಹಾಗೆ ಕಾಣಲು ಶುರುವಾಗುತ್ತವೆ. ಎಲ್ಲಿ ಹೊಲಿಗೆ ಚೆನ್ನಾಗಿ ಕಂಡು ಸುಕ್ಕು ಇನ್ನೂ ಕಾಣುವುದಿಲ್ಲವೋ ಅದೇ ನಿಮ್ಮ ಓರೆ. ಬಟ್ಟೆಯ ಮೈಯಿಂದ ಸುಮಾರು 20ರಿಂದ 40 ಡಿಗ್ರಿ ಒಳಗೆ ಅದು ಸಿಗುತ್ತದೆ.

ಕಿಟಕಿಯನ್ನು ಸರಿಸಲು ಆಗುವುದಿಲ್ಲ, ಅಲ್ವಾ? ಹಾಗಾಗಿ ವಸ್ತುವನ್ನು ವಾಲಿಸಿ. ಕಸೂತಿ ಬಟ್ಟೆಯನ್ನು ಒಂದು ರಟ್ಟಿಗೆ ಕ್ಲಿಪ್ ಹಾಕಿ, ರಟ್ಟನ್ನು ಕಿಟಕಿಯಿಂದ ಸ್ವಲ್ಪ ಆಚೆಗೆ ತಿರುಗಿಸಿ. ಹೊಲಿಗೆಯ ದಿಕ್ಕನ್ನೂ ನೋಡಿ. ಬೆಳಕು ಹೊಲಿಗೆಯ ಸಾಲಿಗೆ ಅಡ್ಡಲಾಗಿ ಬಂದರೆ ಎಳೆ ಎಳೆ ಬೇರೆಯಾಗಿ ಕಾಣುತ್ತದೆ, ಉದ್ದಕ್ಕೂ ಹರಿದರೆ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಫೋಟೋ ತೆಗೆಯುವ ಮುಂಚೆ ಇಸ್ತ್ರಿ ಮಾಡಿ, ದಾರದ ತುದಿ ಕತ್ತರಿಸಿ. ಓರೆ ಬೆಳಕು ಯಾವುದನ್ನೂ ಮುಚ್ಚಿಡುವುದಿಲ್ಲ.

6. ಫೋನ್, ಕ್ಯಾಮೆರಾ ಸೆಟ್ಟಿಂಗ್

ಲೆನ್ಸನ್ನು ಹತ್ತಿ ಬಟ್ಟೆಯಿಂದ ಒರೆಸಿ. ಎಣ್ಣೆ ಕೈ ತಾಗಿದ ಲೆನ್ಸು ಎಂಥ ಬೆಳಕನ್ನೂ ಮಂಜು ಮಾಡುತ್ತದೆ.

ಫೋನಿನಲ್ಲಿ 0.5 ಲೆನ್ಸ್ ಬೇಡ, ಅಂಚುಗಳು ಎಳೆದ ಹಾಗೆ ಆಗುತ್ತವೆ. 2ಎಕ್ಸ್ ಇದ್ದರೆ ಅದಕ್ಕೆ ಹಾಕಿ ಸ್ವಲ್ಪ ಹಿಂದೆ ನಿಲ್ಲಿ. ಪರದೆಯ ಮೇಲೆ ಹೊಲಿಗೆ ಇರುವ ಜಾಗವನ್ನು ಒತ್ತಿ ಹಿಡಿಯಿರಿ. ಹೆಚ್ಚಿನ ಫೋನ್‌ಗಳಲ್ಲಿ ಫೋಕಸ್ ಮತ್ತು ಬೆಳಕು ಎರಡೂ ಲಾಕ್ ಆಗುತ್ತವೆ. ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆದು ಬೆಳಕು ಹೆಚ್ಚು ಕಡಿಮೆ ಮಾಡಬಹುದು. ಟ್ರೈಪಾಡ್ ಮೇಲಿಟ್ಟು ಟೈಮರ್ 2 ಅಥವಾ 3 ಸೆಕೆಂಡಿಗೆ ಹಾಕಿ, ಬೆರಳು ತಾಗಿ ಅಲುಗಾಡುವುದು ತಪ್ಪುತ್ತದೆ.

ಕ್ಯಾಮೆರಾ ಇದ್ದವರು ಐಎಸ್‌ಒ 100, ಅಪರ್ಚರ್ ಎಫ್/8 ಇಟ್ಟು, ಟ್ರೈಪಾಡ್ ಮೇಲೆ ಶಟರ್ ಎಷ್ಟು ನಿಧಾನವಾದರೂ ಆಗಲಿ ಅಂತ ಬಿಡಿ. ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಅಂಕಿ. ಜಾಸ್ತಿ ಮಾಡಿದಷ್ಟೂ ಫೋಟೋ ರವೆ ರವೆಯಾಗುತ್ತದೆ. ಅಪರ್ಚರ್ ಅಂದರೆ ಲೆನ್ಸಿನ ಒಳಗಿನ ಕಂಡಿ. ಅಂಕಿ ದೊಡ್ಡದಾದಷ್ಟೂ ಕಂಡಿ ಕಿರಿದು, ಮುಂದಿನದೂ ಹಿಂದಿನದೂ ಸ್ಪಷ್ಟ. ಶಟರ್ ಅಂದರೆ ಬೆಳಕು ಒಳಗೆ ಬರಲು ತೆರೆಯುವ ಬಾಗಿಲು, ನಿಧಾನವಾದಷ್ಟೂ ಹೆಚ್ಚು ಹೊತ್ತು ತೆರೆದಿರುತ್ತದೆ.

ಒಂದು ವಿಷಯ ನೆನಪಿಡಿ. ಕ್ಯಾಮೆರಾ ಏನನ್ನು ನೋಡಿದರೂ ಅದನ್ನು ನಡುವಿನ ಬೂದು ಬಣ್ಣಕ್ಕೆ ಎಳೆಯಲು ನೋಡುತ್ತದೆ. ಅದಕ್ಕೇ ಕರಿ ಕಂಬಳಿ ಬೂದಿ ಬಣ್ಣಕ್ಕೆ ತಿರುಗುವುದು, ಬಿಳಿ ಕ್ರೋಷಾ ಮಾಸಿದ ಹಾಗೆ ಕಾಣುವುದು. ಕಪ್ಪಿಗೆ ಬೆಳಕು ಒಂದು ಸ್ಟಾಪ್ ಕಡಿಮೆ ಮಾಡಿ, ಅಂದರೆ ಮೈನಸ್ 1. ಬಿಳಿಗೆ ಪ್ಲಸ್ 1. ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು ಅಥವಾ ಅರ್ಧ.

7. ತೊಂದರೆ ಕೊಡುವ ವಸ್ತುಗಳು

ಕನ್ನಡಿ ಕೆಲಸ. ಲಂಬಾಣಿ ಕಸೂತಿಯ ಕನ್ನಡಿ ಚೂರುಗಳು ಫೋಟೋದಲ್ಲಿ ಒಂದೋ ಸುಟ್ಟ ಬಿಳಿ ಚುಕ್ಕೆ, ಇಲ್ಲವೇ ಕಪ್ಪು ತೂತು ಆಗುತ್ತವೆ. ಕನ್ನಡಿಗೆ ಸ್ವಂತ ಬಣ್ಣ ಇಲ್ಲ, ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಕತ್ತಲೆ ಕೋಣೆ ಇದ್ದರೆ ಕತ್ತಲೆ, ಫ್ಲ್ಯಾಶ್ ಇದ್ದರೆ ಫ್ಲ್ಯಾಶ್. ಹಾಗಾಗಿ ಕನ್ನಡಿಗೆ ಬೆಳಕು ಬಿಡುವ ಯೋಚನೆ ಬಿಟ್ಟು, ಕನ್ನಡಿಯ ಎದುರಿಗೆ ಏನಿಡಬೇಕು ಅಂತ ಯೋಚಿಸಿ. ಥರ್ಮಾಕೋಲ್ ಹಾಳೆಯ ನಡುವೆ ಲೆನ್ಸು ಹಿಡಿಸುವಷ್ಟು ತೂತು ಮಾಡಿ, ಅದರ ಹಿಂದಿನಿಂದ ಫೋಟೋ ತೆಗೆಯಿರಿ. ಹಾಳೆಯ ಮೇಲೆ ಕಿಟಕಿ ಬೆಳಕು ಬೀಳುತ್ತಿರಲಿ. ಕನ್ನಡಿಗಳೆಲ್ಲ ತಿಳಿ ಬೆಳ್ಳಿ ಬಣ್ಣಕ್ಕೆ ಬರುತ್ತವೆ.

ಆದರೆ ಎಲ್ಲವೂ ಒಂದೇ ಬೆಳ್ಳಿಯಾದರೆ ಅದು ಕನ್ನಡಿ ಅಂತಲೇ ಗೊತ್ತಾಗುವುದಿಲ್ಲ. ಫೆಬ್ರವರಿಯಲ್ಲಿ ಲಂಬಾಣಿಗರ ಗುರು ಸೇವಾಲಾಲರ ಜಯಂತಿಗೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಹೋದವರು ಈ ಕನ್ನಡಿ ಕೆಲಸದ ಉಡುಗೆ ಬಿಸಿಲಿನಲ್ಲಿ ಹೊಳೆಯುವುದನ್ನು ನೋಡಿರುತ್ತೀರಿ. ಉಟ್ಟವರು ನಡೆದಾಡುವಾಗ ಕೆಲವು ಕನ್ನಡಿ ಹೊಳೆಯುತ್ತವೆ, ಕೆಲವು ಆರುತ್ತವೆ. ಫೋಟೋದಲ್ಲಿ ಆ ಜೀವ ಬರಲು ಥರ್ಮಾಕೋಲಿನ ಒಂದು ಮೂಲೆಗೆ ಕಪ್ಪು ಚಾರ್ಟ್ ಪೇಪರಿನ ಪಟ್ಟಿ ಅಂಟಿಸಿ. ಕೈಯಲ್ಲಿ ಹೊಲಿದ ಕನ್ನಡಿಗಳು ಒಂದೊಂದೂ ಒಂದೊಂದು ಕಡೆ ಸ್ವಲ್ಪ ವಾಲಿರುತ್ತವೆ. ಕೆಲವು ಬಿಳಿಯನ್ನೂ ಕೆಲವು ಕಪ್ಪನ್ನೂ ಹಿಡಿಯುತ್ತವೆ.

ರೇಷ್ಮೆ ಮತ್ತು ಜರಿ. ಮೊಳಕಾಲ್ಮೂರು ಸೀರೆಯಂಥ ಜರಿ ಅಂಚಿನ ಸೀರೆಗೆ ಬೆಳಕು ತೀರಾ ಮೆತ್ತಗಾದರೆ ಜರಿ ಸತ್ತ ಸಾಸಿವೆ ಬಣ್ಣಕ್ಕೆ ಇಳಿಯುತ್ತದೆ. ತೀರಾ ಗಟ್ಟಿಯಾದರೆ ಸುಟ್ಟು ಹೋಗುತ್ತದೆ. ಜರಿಯೂ ಅರ್ಧ ಕನ್ನಡಿಯೇ. ಸೀರೆಯನ್ನು ಚಪ್ಪಟೆಯಾಗಿ ಹಾಸಬೇಡಿ. ಸೆರಗನ್ನು ಅಗಲ ನೆರಿಗೆ ಮಾಡಿ ಒಂದು ಕೋಲಿನ ಮೇಲೆ ಇಳಿಬಿಡಿ. ಪ್ರತಿ ನೆರಿಗೆಯ ಬಾಗಿನಲ್ಲಿ ಜರಿ ಒಂದು ಕಡೆ ಹೊಳೆದು, ನಿಧಾನವಾಗಿ ನೆರಳಿಗೆ ಜಾರುತ್ತದೆ. ಕಣ್ಣಿಗೆ ಜರಿ ಅನ್ನಿಸುವುದು ಆ ಜಾರುವಿಕೆಯಿಂದಲೇ. ಕ್ಯಾಮೆರಾ ಅಲ್ಲೇ ಇರಲಿ, ಥರ್ಮಾಕೋಲನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಪರದೆ ನೋಡಿ. ಒಂದು ಕಡೆ ಬಂದಾಗ ಅಂಚು ಒಮ್ಮೆಲೇ ಹೊತ್ತಿಕೊಂಡ ಹಾಗೆ ಕಾಣುತ್ತದೆ. ಅಲ್ಲಿ ನಿಲ್ಲಿಸಿ.

ಹಾಸು (ಉದ್ದದ ಎಳೆ) ಒಂದು ಬಣ್ಣ, ಹೊಕ್ಕು (ಅಡ್ಡ ಎಳೆ) ಇನ್ನೊಂದು ಬಣ್ಣ ಇರುವ ರೇಷ್ಮೆ ನೋಡುವ ಕಡೆ ಬದಲಾದ ಹಾಗೆ ಬಣ್ಣ ಬದಲಿಸುತ್ತದೆ. ಒಂದೇ ಫೋಟೋ ಕಳಿಸಿದರೆ ಜಗಳ ಖಂಡಿತ. ಎರಡು ಕಡೆಯಿಂದ ಎರಡು ಫೋಟೋ ತೆಗೆದು ಎರಡನ್ನೂ ಕಳಿಸಿ.

ಕರಿ ಕಂಬಳಿ. ಚಳ್ಳಕೆರೆ ಕಡೆಯ ಕರಿ ಉಣ್ಣೆ ಕಂಬಳಿ ಬೆಳಕನ್ನು ನುಂಗುತ್ತದೆ. ಬಿಳಿ ಹಿನ್ನೆಲೆಯ ಮೇಲೆ ಇಟ್ಟರೆ ಅದೊಂದು ಕಪ್ಪು ಚೌಕ, ಅಷ್ಟೆ. ಬೂದು ಚಾರ್ಟ್ ಅಥವಾ ಮರದ ಹಲಗೆ ಮೇಲಿಡಿ. ಕಿಟಕಿಯನ್ನು ಪಕ್ಕದಿಂದ ಸ್ವಲ್ಪ ಹಿಂದಕ್ಕೆ ಬರುವ ಹಾಗೆ ಮಾಡಿಕೊಳ್ಳಿ. ಹಿಂದಿನಿಂದ ಓರೆಯಾಗಿ ಬಂದ ಬೆಳಕು ಉಣ್ಣೆಯ ಕೂದಲುಗಳ ತುದಿಯನ್ನು ಹಿಡಿಯುತ್ತದೆ. ನೇಯ್ಗೆಯೂ ಕಾಣುತ್ತದೆ, ಕಪ್ಪೂ ಕಪ್ಪಾಗಿಯೇ ಉಳಿಯುತ್ತದೆ. ಮೈನಸ್ 1 ಮರೆಯಬೇಡಿ.

ಕುಚ್ಚನ್ನು ನೇತು ಹಾಕಿ ತೆಗೆಯಿರಿ, ಫ್ಯಾನ್ ಆರಿಸಿ. ಮಣ್ಣಿನ ಓಲೆ, ಸರ ಹೊಳಪಿಲ್ಲದವು, ಮೇಲಿನ ಸಾಮಾನ್ಯ ಹೊಂದಿಕೆಯೇ ಸಾಕು.

8. ಬಣ್ಣ ಸರಿ ಮಾಡಿಕೊಳ್ಳಿ

ವೈಟ್ ಬ್ಯಾಲೆನ್ಸ್ ಅಂದರೆ ಈಗಿರುವ ಬೆಳಕಿನಲ್ಲಿ ಬಿಳಿ ಯಾವುದು ಅಂತ ಕ್ಯಾಮೆರಾಕ್ಕೆ ಹೇಳುವುದು. ಆಟೋದಲ್ಲಿ ಬಿಟ್ಟರೆ, ಪರದೆ ತುಂಬಾ ಕೆಂಪು ಸೀರೆ ಕಂಡಾಗ ಬೆಳಕೇ ಕೆಂಪಿದೆ ಅಂತ ತಿಳಿದು ಕೆಂಪನ್ನು ಕಡಿಮೆ ಮಾಡಿಬಿಡುತ್ತದೆ. ಫೋನಿನ ಪ್ರೊ ಮೋಡ್‌ನಲ್ಲಿ ಕೆಲ್ವಿನ್ ಅಂಕಿಯನ್ನು ನೀವೇ ಇಡಬಹುದು. ಸೀರೆಯ ಪಕ್ಕ ಒಂದು ಗ್ರೇ ಕಾರ್ಡ್ ಇಟ್ಟು ಒಂದು ಫೋಟೋ ತೆಗೆಯಿರಿ, ಆ ಕಾರ್ಡು ಹಳದಿಯೂ ನೀಲಿಯೂ ಹೊಡೆಯದ ತನಕ ಅಂಕಿ ಸರಿಸಿ. ಗ್ರೇ ಕಾರ್ಡ್ ಅಂದರೆ ಯಾವ ಛಾಯೆಯೂ ಇಲ್ಲದ ಬೂದು ರಟ್ಟು, ಕ್ಯಾಮೆರಾ ಅಂಗಡಿಯಲ್ಲಿ ಸಿಗುತ್ತದೆ. ಪ್ರಿಂಟರ್ ಹಾಳೆಯನ್ನು ಅದರ ಬದಲು ಬಳಸುವವರಿದ್ದಾರೆ. ಆ ಹಾಳೆಗೆ ಬಿಳುಪು ಹೆಚ್ಚಿಸುವ ರಾಸಾಯನಿಕ ಹಾಕಿರುತ್ತಾರೆ, ಹಗಲಿನಲ್ಲಿ ಅದು ನೀಲಿ ಕಡೆಗೆ ವಾಲುತ್ತದೆ.

ರಾಣಿ ಪಿಂಕ್, ಕಡು ಕೆಂಪು ಬಣ್ಣಗಳಿಗೆ ಇನ್ನೊಂದು ಕಷ್ಟ ಇದೆ. ಕ್ಯಾಮೆರಾದೊಳಗೆ ಕೆಂಪಿನ ಪಾಲು ತುಂಬಿ ತುಳುಕಿ, ಅಲ್ಲಿ ನೇಯ್ಗೆ ಅಳಿಸಿ ಬರಿ ಬಣ್ಣದ ತೇಪೆ ಉಳಿಯುತ್ತದೆ. ಬೆಳಕು ಅರ್ಧ ಅಥವಾ ಒಂದು ಸ್ಟಾಪ್ ಇಳಿಸಿ ತೆಗೆಯಿರಿ. ಆಮೇಲೆ ಎಡಿಟಿಂಗ್‌ನಲ್ಲಿ ಸ್ವಲ್ಪ ಎತ್ತಿ.

ಫೋಟೋ ನೋಡುವಾಗ ಫೋನಿನ ಕಣ್ಣಿಗೆ ಹಿತವಾದ ಹಳದಿ ಮೋಡ್ ಆಫ್ ಇರಲಿ. ವಸ್ತುವನ್ನು ಕಿಟಕಿ ಬೆಳಕಿನಲ್ಲಿ ಪಕ್ಕದಲ್ಲಿಟ್ಟುಕೊಂಡೇ ಹೋಲಿಸಿ. ಫಿಲ್ಟರ್ ಯಾವುದೂ ಬೇಡ. ಚೆಂದ ಕಾಣಲಿ ಅಂತ ಬಣ್ಣ ಏರಿಸಿದರೆ ಸೀರೆ ಕೈಗೆ ಸಿಕ್ಕಾಗ ಗಿರಾಕಿಯ ಮುಖ ಬಾಡುತ್ತದೆ. ಮತ್ತೆ ಅವರು ನಿಮ್ಮ ಫೋಟೋ ನಂಬುವುದಿಲ್ಲ.

9. ರಾತ್ರಿ ಕೆಲಸ: ಎಲ್ಇಡಿ ಮತ್ತು ಫ್ಲ್ಯಾಶ್

ಹಗಲೆಲ್ಲ ಮನೆಗೆಲಸ, ರಾತ್ರಿಯೇ ಬಿಡುವು ಅನ್ನುವವರು ಬಹಳ. ಫೋನಿನಲ್ಲಿ ತೆಗೆಯುವವರಿಗೆ ಎಲ್ಇಡಿ ಪ್ಯಾನೆಲ್ ಸರಿ. ಸಾಮಾನ್ಯ ಕ್ಯಾಮೆರಾ ಫ್ಲ್ಯಾಶ್ ಫೋನಿನ ಜೊತೆ ಕೂಡಿ ಕೆಲಸ ಮಾಡುವುದಿಲ್ಲ, ಹೊಳೆದದ್ದು ಫೋಟೋದಲ್ಲಿ ಬರುವುದೇ ಇಲ್ಲ.

ಎಲ್ಇಡಿ ಕೊಳ್ಳುವಾಗ ಸಿಆರ್‌ಐ ಎಷ್ಟು ಅಂತ ನೋಡಿ. ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವುದಕ್ಕೆ 100ಕ್ಕೆ ಕೊಡುವ ಅಂಕ ಅದು. 95 ಅಥವಾ ಮೇಲಿದ್ದರೆ ಒಳ್ಳೆಯದು. ಮನೆಯ ಸಾಮಾನ್ಯ ಬಲ್ಬುಗಳು ಸುಮಾರು 80ರ ಆಸುಪಾಸು, ಅದರಲ್ಲಿ ಕೆಂಪು ಮಂಕು. ಎರಡು ದೀಪ ಬಳಸಿದರೆ ಎರಡೂ ಒಂದೇ ಕಂಪನಿ, ಒಂದೇ ಮಾದರಿ ಇರಲಿ. ಅಗ್ಗದ ಎಲ್ಇಡಿಗಳಲ್ಲಿ ಫೋಟೋಗೆ ಅಡ್ಡ ಪಟ್ಟೆಗಳು ಬರುತ್ತವೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಇಂಥ ದೀಪ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಶಟರ್ 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪಟ್ಟೆ ಹೋಗುತ್ತದೆ.

ಮದುವೆ ವಿಡಿಯೋದವರು ಮುಂಚೆ ಬಳಸುತ್ತಿದ್ದ ಹ್ಯಾಲೊಜೆನ್ ದೀಪ ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡಿ. ಅದು ವಿಪರೀತ ಕಾಯುತ್ತದೆ. ಅದರ ಮುಂದೆ ಬಟರ್ ಪೇಪರ್, ಪಂಚೆ ಕಟ್ಟಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ.

ಈಗ ಕ್ಯಾಮೆರಾ ಇದ್ದವರ ಫ್ಲ್ಯಾಶ್. ಇದಕ್ಕೆ ಸ್ಪೀಡ್‌ಲೈಟ್ ಅನ್ನುತ್ತಾರೆ. ಕ್ಯಾಮೆರಾ ತಲೆಯ ಮೇಲೆ ಕೂರಿಸಿ ನೇರ ಮುಂದಕ್ಕೆ ಹೊಡೆದರೆ ಫೋನ್ ಫ್ಲ್ಯಾಶಿನದೇ ಪಾಡು. ಸುಲಭದ ದಾರಿ ಬೌನ್ಸ್, ಅಂದರೆ ಫ್ಲ್ಯಾಶಿನ ತಲೆಯನ್ನು ಬಿಳಿ ತಾರಸಿಯ ಕಡೆಗೋ ಪಕ್ಕದ ಬಿಳಿ ಗೋಡೆಗೋ ತಿರುಗಿಸಿ ಹೊಡೆಯುವುದು. ಗೋಡೆಯೇ ದೀಪವಾಗುತ್ತದೆ. ಕೈಕೆಲಸಕ್ಕೆ ತಾರಸಿಗಿಂತ ಗೋಡೆ ಒಳ್ಳೆಯದು, ಬೆಳಕು ಪಕ್ಕದಿಂದ ಬರುತ್ತದೆ. ಹೆಂಚಿನ ಮನೆ, ಬಣ್ಣದ ಗೋಡೆ ಇದ್ದರೆ ಬೌನ್ಸ್ ಮಾಡಬೇಡಿ. ಬದಲು ಥರ್ಮಾಕೋಲ್ ನಿಲ್ಲಿಸಿ ಅದಕ್ಕೆ ಹೊಡೆಯಿರಿ.

ಇನ್ನೂ ಚೆನ್ನಾಗಿ ಬೇಕೆಂದರೆ ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಡಿಸಿ ಪಕ್ಕದ ಸ್ಟ್ಯಾಂಡಿಗೆ ಹಾಕಿ, ವೈರ್‌ಲೆಸ್ ಟ್ರಿಗರ್‌ನಿಂದ ಹೊಡೆಯಿರಿ. ಟ್ರಿಗರ್ ಅಂದರೆ ಕ್ಯಾಮೆರಾ ಒತ್ತಿದಾಗ ದೂರದ ಫ್ಲ್ಯಾಶಿಗೆ ಸುದ್ದಿ ಮುಟ್ಟಿಸುವ ಪುಟ್ಟ ಸಾಧನ. ಎರಡು ಅಡಿ ಅಗಲದ ಮರದ ಚೌಕಟ್ಟಿಗೆ ಬಟರ್ ಪೇಪರ್ ಬಿಗಿದು, ವಸ್ತುವಿಗೆ ಆದಷ್ಟು ಹತ್ತಿರ, ಫೋಟೋದೊಳಗೆ ಬರದ ಹಾಗೆ ನಿಲ್ಲಿಸಿ. ಫ್ಲ್ಯಾಶ್ ಆ ಚೌಕಟ್ಟಿನ ಹಿಂದೆ ಎರಡು ಅಡಿ ದೂರದಲ್ಲಿರಲಿ. ತೀರಾ ಹತ್ತಿರ ಇಟ್ಟರೆ ಪೇಪರಿನ ನಡುವೆ ಮಾತ್ರ ಬೆಳಕು ತಾಗಿ ದೊಡ್ಡ ದೀಪದ ಲಾಭ ಸಿಗುವುದಿಲ್ಲ. ಎದುರು ಬದಿಗೆ ಮತ್ತೆ ಅದೇ ಥರ್ಮಾಕೋಲ್.

ಕ್ಯಾಮೆರಾವನ್ನು ಮ್ಯಾನುಯಲ್‌ಗೆ ಹಾಕಿ. ಐಎಸ್‌ಒ 100, ಎಫ್/8, ಶಟರ್ 1/125, ವೈಟ್ ಬ್ಯಾಲೆನ್ಸ್ ಫ್ಲ್ಯಾಶ್ ಗುರುತಿಗೆ. ಮೊದಲು ಫ್ಲ್ಯಾಶ್ ಹಚ್ಚದೆ ಒಂದು ತೆಗೆಯಿರಿ. ಫೋಟೋ ಹೆಚ್ಚುಕಡಿಮೆ ಕಪ್ಪಗೆ ಬರಬೇಕು. ಬಂತು ಅಂದರೆ ಕೋಣೆಯ ಬಲ್ಬಿನ ಬಣ್ಣ ಇನ್ನು ನಿಮ್ಮ ಫೋಟೋವನ್ನು ಕೆಡಿಸುವುದಿಲ್ಲ, ಇರುವುದೆಲ್ಲ ಫ್ಲ್ಯಾಶಿನ ಬೆಳಕೇ. ಈಗ ಫ್ಲ್ಯಾಶನ್ನೂ ಮ್ಯಾನುಯಲ್‌ಗೆ ಹಾಕಿ 1/8 ಶಕ್ತಿಯಿಂದ ಶುರು ಮಾಡಿ. ಕತ್ತಲೆ ಆದರೆ 1/4, ಬೆಳ್ಳಗಾದರೆ 1/16. ಫ್ಲ್ಯಾಶ್ ದೂರವನ್ನು ಎರಡರಷ್ಟು ಮಾಡಿದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಅರ್ಧಕ್ಕಲ್ಲ. ಸ್ಟ್ಯಾಂಡನ್ನು ಸ್ವಲ್ಪ ಸರಿಸಿದರೂ ಫೋಟೋ ಅಷ್ಟೊಂದು ಬದಲಾಗುವುದು ಇದಕ್ಕೇ.

ಫೋಟೋದ ಒಂದು ಬದಿಯಲ್ಲಿ ಕಪ್ಪು ಪಟ್ಟಿ ಬಂತಾ? ಶಟರ್ ತೀರಾ ವೇಗವಾಗಿದೆ. ಪ್ರತಿ ಕ್ಯಾಮೆರಾಕ್ಕೂ ಫ್ಲ್ಯಾಶ್ ಜೊತೆ ಓಡಬಹುದಾದ ಗರಿಷ್ಠ ವೇಗ ಇದೆ, ಅದಕ್ಕೆ ಸಿಂಕ್ ಸ್ಪೀಡ್ ಅನ್ನುತ್ತಾರೆ. ಹೆಚ್ಚಿನವುಗಳಲ್ಲಿ 1/160ರಿಂದ 1/250ರ ನಡುವೆ. ಅದರ ಕೆಳಗೇ ಇರಿ.

ನೇತು ಹಾಕಿದ ಕುಚ್ಚಿಗೆ ಫ್ಲ್ಯಾಶ್ ನನಗೆ ಬಹಳ ಇಷ್ಟ. ಕಿಟಕಿ ಬೆಳಕಿನ ನಿಧಾನ ಶಟರ್‌ಗೆ ಗಾಳಿಗೆ ತೂಗುವ ದಾರ ಮಸುಕಾಗುತ್ತದೆ. ಫ್ಲ್ಯಾಶ್ ಹೊಳೆಯುವುದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು, ದಾರ ಅಲ್ಲೇ ನಿಂತ ಹಾಗೆ ಎಳೆ ಎಳೆಯಾಗಿ ಬರುತ್ತದೆ.

ಎರಡು ಎಚ್ಚರಿಕೆ. ಫಿಲ್ಮ್ ಕಾಲದ ಹಳೆ ಫ್ಲ್ಯಾಶನ್ನು ಡಿಜಿಟಲ್ ಕ್ಯಾಮೆರಾಕ್ಕೆ ಹಾಕಬೇಡಿ. ಕೆಲವು ಹಳೆಯವುಗಳ ಟ್ರಿಗರ್ ವೋಲ್ಟೇಜ್ ತುಂಬಾ ಜಾಸ್ತಿ ಇದ್ದು ಕ್ಯಾಮೆರಾದ ಒಳಗಿನ ಸರ್ಕ್ಯೂಟನ್ನು ಸುಡಬಲ್ಲದು. ಕೆಟ್ಟ ಫ್ಲ್ಯಾಶನ್ನು ಮನೆಯಲ್ಲಿ ಬಿಚ್ಚಲೂಬೇಡಿ. ಬ್ಯಾಟರಿ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ.

10. ಕಳಿಸುವ ಮುಂಚೆ

ಪ್ರತಿ ವಸ್ತುವಿಗೂ ಪೂರ್ತಿ ಕಾಣುವ ಒಂದು, ಓರೆ ಬೆಳಕಿನಲ್ಲಿ ಹತ್ತಿರದಿಂದ ಹೊಲಿಗೆಯ ಒಂದು, ಹಿಂಬದಿಯ ಒಂದು ಫೋಟೋ ಇಟ್ಟುಕೊಳ್ಳಿ. ಹಿಂಬದಿ ತೋರಿಸಲು ಹಿಂಜರಿಯಬೇಡಿ. ಆರಿ ವರ್ಕ್ ಗೊತ್ತಿರುವವರು ಮೊದಲು ತಿರುಗಿಸಿ ನೋಡುವುದೇ ಅದನ್ನು. ಕೈಯದೋ ಮಿಷಿನ್ನಿನದೋ ಅಂತ ಅಲ್ಲೇ ಗೊತ್ತಾಗುತ್ತದೆ.

ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ, ಇಷ್ಟು ಕಷ್ಟಪಟ್ಟು ತಂದ ಎಳೆಗಳೆಲ್ಲ ಕಲಸಿ ಹೋಗುತ್ತವೆ. ಕಳಿಸುವಾಗ ಎಚ್‌ಡಿ ಆರಿಸಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಿ. ಹಗಲಿನಲ್ಲಿ ತೆಗೆದದ್ದಾದರೆ ಕೆಳಗೆ "ಹಗಲು ಬೆಳಕಿನಲ್ಲಿ ತೆಗೆದ ಫೋಟೋ" ಅಂತ ಒಂದು ಸಾಲು ಬರೆಯಿರಿ. ಎರಡು ಬಣ್ಣದ ಎಳೆಯ ರೇಷ್ಮೆಯಾದರೆ ಟ್ಯೂಬ್‌ಲೈಟಿನ ಕೆಳಗೆ ಬೇರೆ ಕಾಣುತ್ತದೆ ಅಂತಲೂ ಸೇರಿಸಿ. ಮದುವೆ ಮಂಟಪದ ಲೈಟಿಗೆ ಅಂತ ಸೀರೆ ಕೊಳ್ಳುವವರಿಗೆ ಬೇಕಾಗಿರುವುದು ಆ ಮಾಹಿತಿಯೇ. ಅವರು ಕೇಳಿದರೆ ಹಳದಿ ಬಲ್ಬಿನ ಕೆಳಗೆ ಇನ್ನೊಂದು ಫೋಟೋ ತೆಗೆದು, ಅದು ಹಳದಿ ಬಲ್ಬಿನದು ಅಂತ ಹೇಳಿಯೇ ಕಳಿಸಿ.